ಕದಿರೇಶ ಮೇಷ್ಟ್ರ ಗುಂಡಿಗೆಗೆ ಸಣ್ಣ ಸಣ್ಣ ಪೆಟ್ಟು

ಮಂಗಳವಾರ ಸ್ಟಾಫ್ ರೂಮಿನಲ್ಲಿ ಬಾಯಿ ಮುಚ್ಚಿಕೊಂಡು ಇಡ್ಲಿ ತಿಂದಿದ್ದರೆ ಕದಿರೇಶ ಮೇಷ್ಟ್ರಿಗೆ ಬುಧವಾರ ಆ ಗತಿ ಬರುತ್ತಿರಲಿಲ್ಲ.

ಜೀವಶಾಸ್ತ್ರ ಪಾಠ ಹೇಳಲು ಅವರು ಮುಳಬಾಗಿಲಿನಿಂದ ರಾಯಲ್ಪಾಡಿನ ಪಿಯು ಕಾಲೇಜಿಗೆ ಎರಡೆರಡು ಬಸ್ಸು ಹತ್ತಿಳಿಯತೊಡಗಿ ಹನ್ನೊಂದು ವರ್ಷವಾಗಿತ್ತು. ಪ್ರತಿ ವರ್ಷ ವರ್ಗಾವಣೆಗೆ ಅರ್ಜಿ ಹಾಕುವುದು, ಪಟ್ಟಿಯಲ್ಲಿ ಹೆಸರಿಲ್ಲದೆ ಸುಮ್ಮನಾಗುವುದು. ಹೋದ ವರ್ಷ ಎದೆಗೆ ಸ್ಟೆಂಟೂ ಬಿತ್ತು. ಅಲ್ಲಿಂದಾಚೆಗೆ ಅವರಿಗೆ ಗುಂಡಿಗೆಯದೇ ಮಾತು.

“ಹೃದಯದ ಸ್ನಾಯುಗೆ ರಕ್ತ ಸ್ವಲ್ಪ ಹೊತ್ತು ನಿಂತು ಮತ್ತೆ ಹರಿದ್ರೆ, ಅಲ್ಲಿನ ಜೀವಕೋಶಗಳು ರಾಸಾಯನಿಕ ಬಿಟ್ಟು ಅಕ್ಕಪಕ್ಕದ ಕೋಶಗಳಿಗೂ ‘ಹುಷಾರು’ ಅಂತ ಸುದ್ದಿ ಮುಟ್ಟಿಸ್ತವೆ ಕಣ್ರೀ. ಹಂಗೆ ನಾಕು ಸಣ್ಣ ಪೆಟ್ಟು ತಿಂದಿದ್ರೆ, ಅದರ ಬೆನ್ನಿಗೇ ದೊಡ್ಡ ಪೆಟ್ಟು ಬಿದ್ರೂ ಸಾಯೋ ಕೋಶ ಕಮ್ಮಿ,” ಎಂದು ಮಂಗಳವಾರ ಹೇಳಿದ್ದರು. ಭೌತಶಾಸ್ತ್ರದ ಕಾಂತರಾಜ್ ಬಾಯಿ ಬಿಟ್ಟುಕೊಂಡು ಕೇಳಿದ್ದರು.

ಬುಧವಾರ ಬೆಳಿಗ್ಗೆ ಗೇಟಿನಲ್ಲೇ ಕಾಂತರಾಜ್ ಎದುರಾದರು. “ಸಾರ್, ಇವತ್ತು ನನ್ನ ಕ್ಲಾಸೂ ನೀವೇ ತಗೋಬೇಕು.”

ಹನ್ನೊಂದಕ್ಕೆ ಗುಮಾಸ್ತ ಆಂಜಿ ಬಂದ. “ನಿಮ್ಮ ರಜೆ ಮಂಜೂರಾಗ್ಲಿಲ್ಲ. ಪೋನೀ ಸಾರ್, ಹೋಗ್ಲಿ ಬಿಡಿ.”

ಊಟಕ್ಕೆ ಮುಂಚೆ ಪ್ರಾಂಶುಪಾಲರಾದ ಭಾರತಮ್ಮನವರು ಕರೆಸಿದರು. “ಲ್ಯಾಬಲ್ಲಿ ಮೈಕ್ರೋಸ್ಕೋಪ್ ಒಡೆದಿದೆಯಂತೆ. ವಿವರಣೆ ಬರ್ದುಕೊಡಿ.”

ಹೇಳಿದವರೆಲ್ಲ ಒಲೆಯ ಮೇಲಿನ ಹಾಲು ಕಾಯುವವರಂತೆ ಮೇಷ್ಟ್ರ ಮುಖವನ್ನೇ ನೋಡುತ್ತಿದ್ದರು. ಮೇಷ್ಟ್ರು ಹಾಳೆ ತೆಗೆದು ವಿವರಣೆ ಬರೆಯತೊಡಗಿದರು.

ಎರಡು ಗಂಟೆಗೆ ಮತ್ತೆ ಕಾಂತರಾಜ್. “ಸಾರ್, ವರ್ಗಾವಣೆ ಪಟ್ಟಿ ಬಂತು. ನಿಮ್ಮ ಹೆಸ್ರು ಇದ್ದಂಗಿಲ್ಲ.”

ಮೇಷ್ಟ್ರು ನೆನೆದ ಗೋಣಿಚೀಲದಂತೆ ಕುರ್ಚಿಯಲ್ಲಿ ಕುಸಿದರು. ಸಿಟ್ಟೂ ಬರಲಿಲ್ಲ. ಸಾಕಾಗಿತ್ತು. ಎದ್ದು ಆಫೀಸಿನ ಕಂಪ್ಯೂಟರಿನ ಮುಂದೆ ಕೂತು, ‘ನನಗೆ ವರ್ಗಾವಣೆ ಬೇಡ. ನಿವೃತ್ತಿಯವರೆಗೆ ಇಲ್ಲೇ ಇರುತ್ತೇನೆ’ ಎಂದು ಇಲಾಖೆಗೆ ಮೇಲ್ ಕಳಿಸಿಬಿಟ್ಟರು.

ನಾಲ್ಕಕ್ಕೆ ಎಲ್ಲರೂ ಹಾರ, ಮೈಸೂರುಪಾಕಿನೊಂದಿಗೆ ಒಳಗೆ ನುಗ್ಗಿದರು.

“ನಿಮಗೆ ಮುಳಬಾಗಿಲಿಗೇ ಆಗಿದೆ ಮೇಷ್ಟ್ರೇ!” ಎಂದರು ಭಾರತಮ್ಮ. “ಬೆಳಿಗ್ಗೇನೇ ಫೋನ್ ಬಂತು. ಇಷ್ಟು ದೊಡ್ಡ ಸಂತೋಷ ಒಮ್ಮೆಲೇ ಹೇಳಿದ್ರೆ ನಿಮ್ಮ ಗುಂಡಿಗೆ ತಡೆಯಲ್ಲ, ಮೊದಲು ಸಣ್ಣ ಸಣ್ಣ ಪೆಟ್ಟು ಕೊಡೋಣ ಅಂದಿದ್ದು ಕಾಂತರಾಜ್. ರಜೆ, ಮೈಕ್ರೋಸ್ಕೋಪು, ಎಲ್ಲಾ ಸುಳ್ಳು!”

ಮೇಷ್ಟ್ರು ತಣ್ಣಗೆ ಮೇಲ್ ವಿಷಯ ಹೇಳಿದರು. ಆಂಜಿ ಇಲಾಖೆಗೆ ಫೋನ್ ಹಚ್ಚಿದ.

“ಮೇಲ್ ನೋಡಿದ ತಕ್ಷಣ ಆ ಜಾಗಕ್ಕೆ ಬೇರೆಯೋರನ್ನ ಹಾಕ್ಬಿಟ್ರಂತೆ ಸಾರ್. ಇಲಾಖೆಯೋರು ಇಷ್ಟು ಬೇಗ ಕೆಲಸ ಮಾಡಿದ್ದು ನನ್ನ ಸರ್ವೀಸಲ್ಲೇ ನೋಡಿಲ್ಲ!”

ಕಾಂತರಾಜ್ ಬೆವರಿ, ಎದೆ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟರು. “ಇದರಲ್ಲಿ ನಿಮಗೇ ಅನುಭವ ಮೇಷ್ಟ್ರೇ,” ಎಂದು ಎಲ್ಲರೂ ಸೇರಿ ಅವರನ್ನು ಶ್ರೀನಿವಾಸಪುರದ ಆಸ್ಪತ್ರೆಗೆ ಕರೆದೊಯ್ಯುವ ಕೆಲಸವನ್ನೂ ಕದಿರೇಶ ಮೇಷ್ಟ್ರಿಗೇ ಒಪ್ಪಿಸಿದರು.