ನಟ್ಟು-ಬೋಲ್ಟಿನ ನವಿಲು

ಹಳೆ ಸಾಮಾನು ಕೊಡಿ, ಎಲ್ಲರೂ ಸೇರಿ ಏನಾದರೂ ಚೆಂದದ್ದು ಮಾಡೋಣ ಎಂದು ಇಳಕಲ್ಲಿನಲ್ಲಿ ಒಮ್ಮೆ ಬಾಯಿ ಬಿಟ್ಟು ನೋಡಿ. ಆಮೇಲೆ ದಿನಕ್ಕೊಂದು ಪಜೀತಿ ತಾನಾಗಿಯೇ ಬಾಗಿಲಿಗೆ ಬರುತ್ತದೆ.

ನಾನು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವ ಟೀಚರು. ಮನೆ ನೇಕಾರರ ಓಣಿಯಲ್ಲಿ. ಓಣಿಯ ಮೂಲೆಯಲ್ಲೊಂದು ತಿಪ್ಪೆ ಇತ್ತು. ಅದನ್ನು ತೆಗೆಸಿ, ಓಣಿಯವರೇ ಕೊಟ್ಟ ಗುಜರಿಯಿಂದ, ಅವರ ಕೈಯಿಂದಲೇ ಅಲ್ಲೊಂದು ಆಳೆತ್ತರದ ನವಿಲು ನಿಲ್ಲಿಸಬೇಕೆಂಬ ಹುಚ್ಚು ನನಗೆ ಹಿಡಿಯಿತು. ಜಾಗ ನೋಡಿಕೊಳ್ಳುವ ನಗರಸಭೆಯ ಇಂಜಿನಿಯರ್ ಸಾಹೇಬರು ಒಪ್ಪಿದರು, ಆದರೆ ಷರತ್ತು ಹಾಕಿದರು. ದಸರೆಯ ಮರುದಿನ ಬಂದು ನೋಡುತ್ತೇನೆ, ನವಿಲು ಪೂರ್ತಿ ನಿಂತಿರಬೇಕು, ಇಲ್ಲವೆಂದರೆ ಎಲ್ಲವನ್ನೂ ಕಸದ ಟ್ರ್ಯಾಕ್ಟರಿಗೆ ಹಾಕಿಸುತ್ತೇನೆ ಎಂದರು. ವೆಲ್ಡಿಂಗ್ ಬೇಡ, ನಟ್ಟು-ಬೋಲ್ಟಿನಿಂದ ಜೋಡಿಸೋಣ, ಆಗ ಯಾರು ಬೇಕಾದರೂ ಬೋಲ್ಟು ಬಿಗಿಯುವ ಪಾನಾ ಹಿಡಿದು ಕೈ ಹಚ್ಚಬಹುದು ಎಂದು ನಾನೇ ಜಾಣತನ ಮಾಡಿದೆ.

ಡಬ್ಬಿ

ಸೋರುವ ಕೊಡ, ಸೊಟ್ಟ ಡಬ್ಬಿ ಏನಿದ್ದರೂ ಕೊಡಿ ಎಂದು ಮನೆ ಮನೆಗೆ ಹೋದೆ. ನಮ್ಮ ಕಡೆ ಖಾಲಿ ಪಾತ್ರೆಯನ್ನು ಯಾರ ಕೈಗೂ ಕೊಡುವುದಿಲ್ಲ. ಗುಜರಿಗೂ ಅದೇ ನಿಯಮ ಎಂದು ಅವತ್ತು ಗೊತ್ತಾಯಿತು. ತೂತು ಬಿದ್ದ ಕೊಡದಲ್ಲಿ ಒಂದು ಹಿಡಿ ಜೋಳ, ಅಂಚು ಸೀಳಿದ ಚರಿಗೆಯಲ್ಲಿ ಬೆಲ್ಲದ ಹೆಂಟೆ. ಪಕ್ಕದ ಮನೆಯಾಕೆ ಒಂದು ಡಬ್ಬಿಯ ತುಂಬ ಶೇಂಗಾ ಚಟ್ನಿ ಹಾಕಿ, ತಗೋರಿ ಅಕ್ಕೋರ ಎಂದು ಕೊಟ್ಟರು. ವಾರವಿಡೀ ರೊಟ್ಟಿಗೆ ಚಟ್ನಿ ಹಚ್ಚಿಕೊಂಡು ತಿಂದೆ. ಡಬ್ಬಿಯನ್ನು ಕತ್ತರಿಸಿ ನಾಲ್ಕು ಗರಿ ಮಾಡಿದೆ.

ಎಂಟನೇ ದಿನ ಆಕೆ ಡಬ್ಬಿ ಕೇಳಿಕೊಂಡು ಬಂದರು. ನಾನು ಹೆಮ್ಮೆಯಿಂದ ಮೂಲೆಗೆ ಕರೆದೊಯ್ದು ಎಡರೆಕ್ಕೆ ತೋರಿಸಿದೆ. ಆಕೆ ಒಂದು ಗರಿಯನ್ನು ಬೆರಳಿನಿಂದ ತಟ್ಟಿ ನೋಡಿದರು.

"ನಾ ಕೊಟ್ಟಿದ್ದು ಚಟ್ನಿರಿ ಅಕ್ಕೋರ. ಡಬ್ಬಿ ಅಲ್ಲ."

ಕತ್ತು

ನವಿಲಿನ ಕತ್ತು ಕೂರಿಸುವ ದಿನ ಜಗಳ ಹತ್ತಿತು. ಮೂಲೆಗೆ ಮೂರು ದಾರಿ ಕೂಡುತ್ತವೆ. ಮೂರೂ ಕಡೆಯವರು ಸಾಮಾನು ಕೊಟ್ಟಿದ್ದಾರೆ, ನವಿಲು ತಮ್ಮ ಕಡೆಗೇ ಮುಖ ಮಾಡಿರಬೇಕು. ಖಣದ ಕುಪ್ಪಸ ಹೊಲಿಯುವ ಟೇಲರ್ ಕಾಕಾ ತಮ್ಮ ಹಳೆ ಮಷೀನಿನ ಚಕ್ರ ಕೊಟ್ಟಿದ್ದರು, ಅವರ ದನಿ ಎಲ್ಲರಿಗಿಂತ ಜೋರು. ನಾನು ತಲೆ ಓಡಿಸಿ ಸೈಕಲ್ ಚಕ್ರದ ನಡುವಿನ ಹಬ್ಬು ಹಾಕಿ ಕತ್ತನ್ನು ಗಾಳಿಗೆ ತಿರುಗುವಂತೆ ಮಾಡಿದೆ. ಎಲ್ಲರಿಗೂ ಸರಿಪಾಲು ಎಂದು ನಿದ್ದೆ ಮಾಡಿದೆ.

ಮರುದಿನ ಬೆಳಿಗ್ಗೆ ಟೇಲರ್ ಕಾಕಾ ತಕರಾರು ತಂದರು. "ಕಿರಾಣಿ ಅಂಗಡಿ ಕಡೆ ತಾಸಗಟ್ಟಲೆ ನೋಡತೈತ್ರಿ. ನಮ್ಮ ಕಡೆ ಬಂದ ಕೂಡ್ಲೆ ಹೊಳ್ಳತೈತಿ."

ಸೆರಗು

ಬಾಲದ್ದು ಬೇರೆ ಕಥೆ. ಸೈಕಲ್ ರಿಮ್ಮು, ಮಗ್ಗದ ಹಳೆ ಲಾಳಿ ಸೇರಿಸಿ ಬಾಲ ಮಾಡಿ, ಮೈಗೆ ಬೋಲ್ಟು ಹಾಕಿ ಬಿಗಿದೆ. ಸಂಜೆ ಗಾಳಿಗೆ ಜೋತುಬಿತ್ತು. ಮತ್ತೆ ಬಿಗಿದೆ, ಮತ್ತೆ ಜೋತುಬಿತ್ತು. ಮೂರನೇ ಸಲ ನನಗೆ ಸಿಟ್ಟು ಬಂದು ಪಾನಾ ಬಿಸಾಕಿದೆ.

ಎದುರುಮನೆಯ ಆಯಿ, ಐವತ್ತು ವರ್ಷ ಸೀರೆ ನೇಯ್ದವರು, ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದರು. ಎದ್ದು ಬಂದು ಬೋಲ್ಟು ತೆಗೆಸಿದರು. ಇಳಕಲ್ಲ ಸೀರೆಗೆ ಒಡಲು ಬೇರೆ, ಸೆರಗು ಬೇರೆ. ಒಡಲಿನ ಎಳೆಯೊಳಗೆ ಸೆರಗಿನ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಆಯಿ ನನ್ನ ಕೈಗೆ ತಂತಿ ಕೊಟ್ಟು ಹಾಗೆಯೇ ಒಂದೊಂದೇ ಕೊಂಡಿ ಹಾಕಿಸಿದರು. ಬಾಲ ಜಗ್ಗಿದರೂ ಅಲುಗಲಿಲ್ಲ. ಹದಿನೆಂಟು ವರ್ಷದಿಂದ ಮಕ್ಕಳಿಗೆ ಕಲೆ ಕಲಿಸುತ್ತಿರುವ ನನಗೆ ಅವರು ಹೇಳಿದ್ದಿಷ್ಟೇ:

"ಮೊದಲ ಸೆರಗ ಹಚ್ಚೂದು ಕಲೀರಿ. ನವಿಲ ಆಮ್ಯಾಲ ಮಾಡೀರಂತ."

ಖಂಡೇಪೂಜೆ

ಅಂತೂ ಹಬ್ಬಕ್ಕೆ ಮೊದಲೇ ನವಿಲು ಪೂರ್ತಿಯಾಯಿತು. ನಾನು ನೆಮ್ಮದಿಯಿಂದ ಬಾದಾಮಿಗೆ, ತವರಿಗೆ ಹೋಗಿ ಹೋಳಿಗೆ ಉಂಡೆ. ದಸರೆಯ ಮರುದಿನ ಬೆಳಿಗ್ಗೆ ಬಸ್ಸಿಳಿದು ಮೂಲೆಗೆ ಬಂದರೆ ಅಲ್ಲಿ ಎರಡು ಕಾಲು, ಬೆನ್ನಿನ ಪೈಪು, ತಂತಿಯ ಕೊಂಡಿ ಹಾಕಿದ ಬಾಲ ಇಷ್ಟೇ ಇವೆ. ಹೊಟ್ಟೆ, ರೆಕ್ಕೆ, ಕತ್ತು ಏನೂ ಇಲ್ಲ. ಕಳುವಾಯಿತೆಂದು ಅಳುವುದಕ್ಕೇ ಶುರು ಮಾಡಿದೆ.

ಟೇಲರ್ ಕಾಕಾ ಚಹಾ ಕುಡಿಯುತ್ತ ಬಂದರು. "ಕಳವು ಅಲ್ರಿ ಅಕ್ಕೋರ. ಖಂಡೇಪೂಜಿ ಇತ್ತಲ್ಲ, ಅವರವರ ಸಾಮಾನ ಅವರವರು ಮನಿಗೆ ಒಯ್ದೇವಿ. ಹಬ್ಬದಾಗ ಕಬ್ಬಿಣ ಹೊರಗ ಉಪಾಸ ಇರಬಾರದು."

ನಮ್ಮ ಕಡೆಯ ಆಯುಧಪೂಜೆ, ಮನೆಯ ಹತ್ಯಾರಗಳನ್ನೆಲ್ಲ ತೊಳೆದು ಪೂಜೆ ಮಾಡುವ ದಿನ ಅದು. ನನಗೆ ಹೊಳೆದೇ ಇರಲಿಲ್ಲ. ಓಣಿಗೆಲ್ಲ ಪಾನಾ ಹಿಡಿಯಲು ಕಲಿಸಿದವಳೂ ನಾನೇ.

ಅಷ್ಟರಲ್ಲಿ ಜೀಪು ಬಂತು. ಸಾಹೇಬರು ಇಳಿದು ಎರಡು ಕಾಲು ನೋಡಿದರು, ನನ್ನನ್ನು ನೋಡಿದರು, ಟ್ರ್ಯಾಕ್ಟರಿನವನಿಗೆ ಹೇಳಲು ಫೋನ್ ತೆಗೆದರು. ಅರ್ಧ ತಾಸು ಕೊಡಿ ಎಂದು ಕೈಮುಗಿದು, ಮನೆ ಮನೆಯ ಬಾಗಿಲು ಬಡಿಯುತ್ತ ಓಡಿದೆ.

ಬಂದರು. ತಾಟಿನಲ್ಲಿ ಕೊಡದ ಚೂರು, ಬುಟ್ಟಿಯಲ್ಲಿ ಗರಿ, ಹೆಗಲ ಮೇಲೆ ಕತ್ತು. ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡು ಹೂವು. ನನ್ನ ನಕ್ಷೆ ಕೇಳಿದವರು ಯಾರೂ ಇಲ್ಲ. ಕೈಗೆ ಎಟುಕಿದಲ್ಲಿ ಇಟ್ಟರು, ಬಿಗಿದರು. ಮೊದಲು ಏನೂ ಕೊಡದವರೂ ಪೂಜೆಯಾದ ತಕ್ಕಡಿ, ಸ್ಟವ್ವು, ಬೋರಿನ ಹಿಡಿಕೆ ತಂದು ನಮ್ಮದೂ ಇರಲಿ ಎಂದು ಸೇರಿಸಿದರು. ಡಬ್ಬಿಯಾಕೆ ಇನ್ನೊಂದು ಡಬ್ಬಿಯನ್ನೇ ತಂದರು, ಈ ಸಲ ಚಟ್ನಿ ಇರಲಿಲ್ಲ. ನಾನು ಬರೆದ ಸಪೂರ ನವಿಲಿಗೆ ನೋಡನೋಡುತ್ತ ಹೊಟ್ಟೆ ಬಂತು. ನನಗೆ ಅಳುವೂ ಬಂತು, ನಗುವೂ ಬಂತು. ನನ್ನ ನವಿಲಿಗಿಂತ ಅದು ಚೆಂದ ಇತ್ತು.

ಸಾಹೇಬರು ಸುತ್ತ ಎರಡು ಸಲ ತಿರುಗಿ, ನವಿಲಿಗೆ ಇಷ್ಟು ದೊಡ್ಡ ಹೊಟ್ಟೆ ಯಾಕೆ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಆಯಿ ಉತ್ತರ ಕೊಟ್ಟರು. "ಹಬ್ಬಕ್ಕ ಎಲ್ಲಾರ ಮನ್ಯಾಗೂ ಉಂಡ ಬಂದೈತ್ರಿ."

ಸಾಹೇಬರು ನಕ್ಕು ಫೋನನ್ನು ಕಿಸೆಗೆ ಹಾಕಿದರು. ಜೀಪಿನ ಬಾನೆಟ್ ಮೇಲೆ ಕಾಗದ ಇಟ್ಟು, 'ಕಾಮಗಾರಿ ಪೂರ್ಣಗೊಂಡಿದೆ' ಎಂದು ಜೋರಾಗಿ ಓದುತ್ತಲೇ ಬರೆಯತೊಡಗಿದರು. ಆಯಿ ಹೋಗಿ ಅವರ ಕೈ ಹಿಡಿದರು.

"ಪೂರ್ಣ ಅಂತ ಬರೀಬ್ಯಾಡ್ರಿ ಸಾಹೇಬ್ರ. ಮುಂದಿನ ಖಂಡೇಪೂಜಿಗೆ ಮತ್ತ ಬಿಚ್ಚೂದೈತಿ."