ಮೇಲಿನ ಷಡ್ಜ ಮತ್ತು ದವಡೆ ಹಲ್ಲು

ನನಗೆ ಹಾಡಲು ಬರುತ್ತದೆ ಎಂಬ ನಂಬಿಕೆ ನನ್ನೊಳಗೆ ಯಾವಾಗ ಬೇರುಬಿಟ್ಟಿತೋ ನೆನಪಿಲ್ಲ. ಹಗಲೆಲ್ಲ ಹೆಂಚಿನ ಕಾರ್ಖಾನೆಯ ಆಫೀಸಿನಲ್ಲಿ ತಲೆ ತಗ್ಗಿಸಿ ದೊರೆಗಳ ಕಾಗದಗಳನ್ನು ನಕಲು ಮಾಡುವ ಗುಮಾಸ್ತ ನಾನು. ಶುಕ್ರವಾರ ಸಂಜೆ ದೇವಸ್ಥಾನದ ಭಜನೆಯಲ್ಲಿ ಮಾತ್ರ ನಾಲ್ಕು ಜನರ ಮುಂದೆ ಬಾಯಿ ತೆರೆಯುವ ಅವಕಾಶ. ಆ ಸುಖದಲ್ಲೇ ಈ ನಂಬಿಕೆ ಹುಟ್ಟಿರಬೇಕು. ಹದಿನೆಂಟು ವರ್ಷಗಳಲ್ಲಿ ಒಬ್ಬನೂ ಮಧ್ಯೆ ಎದ್ದುಹೋದದ್ದಿಲ್ಲ. ಅದನ್ನು ನಾನು ಮೆಚ್ಚುಗೆ ಎಂದೇ ತಿಳಿದಿದ್ದೆ. ಕೊನೆಯಲ್ಲಿ ಪ್ರಸಾದವೆಂದು ಪಂಚಕಜ್ಜಾಯ ಹಂಚುತ್ತಾರೆ ಎಂಬ ಸಂಗತಿಗೂ ಇದಕ್ಕೂ ಸಂಬಂಧವಿರಬಹುದೆಂದು ಹೊಳೆದಿರಲಿಲ್ಲ.

'ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ' ಎನ್ನುತ್ತಾರೆ. ನಮ್ಮ ಮನೆಯಲ್ಲಿ ಗಾದೆಯ ಮೊದಲರ್ಧ ನನ್ನ ಪಾಲಿಗೆ, ಉಳಿದರ್ಧ ನನ್ನ ಹೆಂಡತಿ ರುಕ್ಮಿಣಿಯ ಪಾಲಿಗೆ ಬಂದಿತ್ತು. ಅವಳ ಕೆಳದವಡೆಯ ಹಲ್ಲೊಂದು ಹುಳುಕು ಹಿಡಿದು ಕೀವಾಗಿ, ಕೆನ್ನೆ ಊದಿ, ಒಂದು ಕಣ್ಣು ಅರ್ಧ ಮುಚ್ಚಿಹೋಗಿತ್ತು. ಲವಂಗ ಇಟ್ಟದ್ದಾಯಿತು, ಉಪ್ಪುನೀರು ಮುಕ್ಕಳಿಸಿದ್ದಾಯಿತು, ಪಕ್ಕದ ಮನೆಯ ಅಜ್ಜಿ ಕೊಟ್ಟ ಹೊಗೆಸೊಪ್ಪಿಗೆ ತಲೆ ತಿರುಗಿದ್ದೂ ಆಯಿತು. ನಾಲ್ಕು ದಿನ ಬರೀ ಗಂಜಿತಿಳಿ. ಐದನೆಯ ದಿನ ಜ್ವರ ಬಂದಾಗ, ಮದ್ದು ಕೊಡುತ್ತಿದ್ದ ಪಂಡಿತರು ನನ್ನನ್ನು ಜಗಲಿಗೆ ಕರೆದು, ಕೀವು ಎಲುಬಿಗೆ ಇಳಿದರೆ ಪ್ರಾಣಕ್ಕೇ ಸಂಚಕಾರ, ಹಲ್ಲು ಕೀಳಿಸಲು ಇನ್ನು ತಡ ಮಾಡಬೇಡಿ ಎಂದರು. ಆದರೆ ರುಕ್ಮಿಣಿ ಜಪ್ಪಯ್ಯ ಎಂದರೂ ಹೊರಡಲೊಲ್ಲಳು. ಚಿಕ್ಕವಳಿದ್ದಾಗ ನಾಲ್ಕು ಜನ ಒಬ್ಬನನ್ನು ಅಂಗಳದಲ್ಲಿ ಅದುಮಿ ಹಿಡಿದು ಇಕ್ಕಳದಿಂದ ಹಲ್ಲು ಕಿತ್ತದ್ದನ್ನು ಆಕೆ ಕಣ್ಣಾರೆ ಕಂಡಿದ್ದಳು.

ಹಂಪನಕಟ್ಟೆಯ ಮಹಡಿಯೊಂದರಲ್ಲಿ ಪೀಟರ್ ಡಾಕ್ಟರು ಎಂಬವರು ಹೊಸದಾಗಿ ಹಲ್ಲಿನ ದವಾಖಾನೆ ತೆರೆದಿದ್ದರು. ಕಲ್ಕತ್ತೆಯಲ್ಲಿ ಕಲಿತವರು. ರೋಗಿಯ ಹೆದರಿಕೆ ಕಳೆಯಲು ಕುರ್ಚಿಯ ಪಕ್ಕದಲ್ಲೇ ಗ್ರಾಮಫೋನ್ ಇಟ್ಟಿದ್ದರು. ಒಂದು ಪ್ಲೇಟು ಮುಗಿಯುವುದರೊಳಗೆ ಹಲ್ಲು ಹೊರಗೆ ಬರುತ್ತದೆಂದು ಪ್ರತೀತಿ. ಹಲ್ಲುನೋವಿಲ್ಲದವರೂ ಪುಕ್ಕಟೆ ಸಂಗೀತಕ್ಕಾಗಿ ಆ ಮೆಟ್ಟಿಲ ಬುಡದಲ್ಲಿ ನಿಲ್ಲುತ್ತಿದ್ದರು. ಇದನ್ನೆಲ್ಲ ಬಣ್ಣಿಸಿ ಹೇಳಿದ ಮೇಲೆ ರುಕ್ಮಿಣಿ ಒಪ್ಪಿದಳು. ಆದರೆ ಹಾಡು ನಿಂತರೆ ತಾನು ಕುರ್ಚಿಯಿಂದ ಏಳುವವಳೇ ಎಂದು ಕರಾರು ಹಾಕಿದಳು.

ಡಾಕ್ಟರು ಒಸಡಿಗೆ ಸೂಜಿ ಚುಚ್ಚಿ, ಜಾಗ ಮರಗಟ್ಟುವವರೆಗೆ ಕಾದು, ಗ್ರಾಮಫೋನಿಗೆ ಕೀಲಿ ಕೊಡತೊಡಗಿದರು. ಒಳಗೆ ಟಕ್ ಎಂದಿತು. ಸ್ಪ್ರಿಂಗ್ ತುಂಡಾಗಿತ್ತು.

"ಇದು ಹೋಯ್ತು ಮಾರಾಯರೇ. ಇನ್ನು ಮದ್ರಾಸಿನಿಂದ ಬರಬೇಕಷ್ಟೆ" ಎಂದರು ಡಾಕ್ಟರು.

ರುಕ್ಮಿಣಿ ಆಗಲೇ ಸೆರಗು ಸರಿಮಾಡಿಕೊಂಡು ಒಂದು ಕಾಲು ಕೆಳಗಿಟ್ಟಿದ್ದಳು. ನಾಳೆ ಬರುವ ಎಂದಳು. ಆ ನಾಳೆ ಬರುವಂಥದ್ದಲ್ಲ ಎಂದು ನನಗೆ ಗೊತ್ತಿತ್ತು. ಪಂಡಿತರ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಏನು ಮಾಡಲೂ ತೋಚದೆ, ನಾನು ಹಾಡುತ್ತೇನೆ ಎಂದುಬಿಟ್ಟೆ. ಡಾಕ್ಟರು ನನ್ನನ್ನು ಆಸೆಯಿಂದ ನೋಡಿದರು. ರುಕ್ಮಿಣಿ ನೋಡಿದ ನೋಟಕ್ಕೆ ನಾನು ಆಗ ಕೊಟ್ಟ ಅರ್ಥವೇ ಬೇರೆ. ಆಕೆ ಹಿಂದಕ್ಕೊರಗಿ ಬಾಯಿ ತೆರೆದಳು.

ಶ್ರುತಿಯಿಲ್ಲ, ತಾಳವಿಲ್ಲ. ಕೈತೊಳೆಯುವ ಬೋಗುಣಿಯ ಪಕ್ಕದಲ್ಲಿ ನಿಂತು ಒಂದು ದೇವರನಾಮ ಎತ್ತಿಕೊಂಡೆ. ಪಲ್ಲವಿ ಹೇಗೋ ದಾಟಿತು. ಅನುಪಲ್ಲವಿಯಲ್ಲಿ ಸ್ವರ ಮೆಟ್ಟಿಲು ಮೆಟ್ಟಿಲಾಗಿ ಏರಿ ಮೇಲಿನ ಷಡ್ಜಕ್ಕೆ ಹೋಗಿ ನಿಲ್ಲಬೇಕು. ನಾನು ಏರತೊಡಗಿದೆ. ರುಕ್ಮಿಣಿಯ ಕಣ್ಣುಗಳು ನನ್ನ ಗಂಟಲಿನ ಮೇಲೆ ನೆಟ್ಟವು ಅಲುಗಲಿಲ್ಲ. ಇನ್ನೊಂದೇ ಮೆಟ್ಟಿಲು ಎನ್ನುವಾಗ ನನ್ನ ಸ್ವರ ಒಡಕು ಹೆಂಚನ್ನು ತಟ್ಟಿದ ಹಾಗೆ ಕೇಳಿಸಿತು. ಅದೇ ಹೊತ್ತಿಗೆ ಬೋಗುಣಿಯಲ್ಲಿ ಟಣ್ ಎಂದು ಹಲ್ಲು ಬಿತ್ತು.

ಇಷ್ಟು ಅಲ್ಲಾಡದೆ ಕೂತವರನ್ನು ತಾನು ಕಲ್ಕತ್ತೆಯಲ್ಲೂ ಕಂಡಿಲ್ಲ, ನಿಮ್ಮ ಹಾಡಿನಲ್ಲಿ ಎಂತದೋ ಉಂಟು ಎಂದು ಡಾಕ್ಟರು ನನ್ನ ಕೈ ಕುಲುಕಿದರು. ಹೊರಗೆ ಬಂದಾಗ, ನಾವು ಒಳಹೋಗುವಾಗ ಬೆಂಚಿನಲ್ಲಿ ಕಾಯುತ್ತಿದ್ದ ಇಬ್ಬರು ರೋಗಿಗಳು ಕಾಣಿಸಲಿಲ್ಲ. ನನ್ನ ಹಾಡು ಕೇಳಿಯೇ ಅವರ ನೋವೂ ಇಳಿದಿರಬೇಕೆಂದುಕೊಂಡೆ. ಜಟಕಾದಲ್ಲಿ ಮನೆ ಮುಟ್ಟುವವರೆಗೂ ನಾದದ ಮಹಿಮೆಯನ್ನು ರುಕ್ಮಿಣಿಗೆ ವಿವರಿಸಿದೆ. ಅವಳ ಬಾಯಲ್ಲಿ ಹತ್ತಿ ಇತ್ತು, ನನಗೆ ಎದುರಾಡುವವರಿರಲಿಲ್ಲ.

ಮರುದಿನ ಜ್ವರ ಬಿಟ್ಟಿತು. ಸಂಜೆ ಆಕೆ ಗಂಜಿಯ ಜೊತೆ ಚೂರು ಉಪ್ಪಿನಕಾಯಿಯನ್ನೂ ಕೇಳಿದಾಗ ನನಗೆ ಹೋದ ಜೀವ ಬಂದಂತಾಯಿತು. ನೋವು ಗೊತ್ತಾಯಿತೇ ಎಂದು ಹೆಮ್ಮೆಯಿಂದಲೇ ವಿಚಾರಿಸಿದೆ. ನಮ್ಮ ಮನೆಮಾತು ತುಳು. ಆಕೆ ಹೇಳಿದ್ದು ಅದರಲ್ಲಿ ಇನ್ನೂ ಚುರುಕಾಗಿತ್ತು, ಕನ್ನಡದಲ್ಲಿ ಇಷ್ಟು:

"ಹಲ್ಲು ಕಿತ್ತದ್ದೇ ಗೊತ್ತಾಗಲಿಲ್ಲ. ನೀವು ಮೇಲಿನ ಸ್ವರ ಮುಟ್ಟುತ್ತೀರೋ ಇಲ್ಲವೋ ಅಂತ ನನಗೆ ಅದೇ ಹೆದರಿಕೆ. ಹೊರಗೆ ಜನ ಬೇರೆ ಕೂತಿದ್ದರು."

ನಾನು ಮೆಲ್ಲಗೆ ಕೇಳಿದೆ: ಹಾಗಾದರೆ ಭಜನೆಯಲ್ಲಿ ನಾನು ಹಾಡುವಾಗ ಕಣ್ಣು ಮುಚ್ಚಿ, ಸೆರಗಿನ ತುದಿ ಹಿಡಿದು ಕೂರುತ್ತೀಯಲ್ಲ, ಅದು ಭಕ್ತಿಯಲ್ಲವೇ?

"ಅದೂ ಇದೇ" ಎಂದು ಆಕೆ ಗಂಜಿ ಕಲಸಿದಳು.

ಸಂಗೀತ ನೋವು ಮರೆಸುತ್ತದೆ ಎಂದು ದೊಡ್ಡವರು ಹೇಳಿದ್ದು ಸುಳ್ಳಲ್ಲ. ಹೇಗೆ ಮರೆಸುತ್ತದೆ ಎಂದು ಅವರು ಬಿಡಿಸಿ ಹೇಳಿಲ್ಲ, ಅಷ್ಟೆ. ಹದಿನೆಂಟು ವರ್ಷ, ಪ್ರತಿ ಶುಕ್ರವಾರ, ನನ್ನ ಮಾನ ಎಲ್ಲಿ ಜಾರಿ ಬೀಳುತ್ತದೋ ಎಂದು ಒಬ್ಬಳು ಉಸಿರು ಬಿಗಿಹಿಡಿದು ಕೂತಿದ್ದಳು. ಒಂದು ದಿನವೂ ಬಾಯಿ ಬಿಟ್ಟು ಹೇಳಲಿಲ್ಲ. ನನಗೆ ನಾಚಿಕೆಯಾಯಿತು, ಅವಳ ಮೇಲೆ ಹೇಳಲಾಗದ ಪ್ರೀತಿಯೂ ಉಕ್ಕಿತು. ಇನ್ನು ಅವಳಿಗೆ ಈ ಭಯ ಬೇಡವೆಂದು, ಮುಂದಿನ ಶುಕ್ರವಾರ ಹಾರ್ಮೋನಿಯಂನವನಿಗೆ ಹೇಳಿ ಮೇಲಿನ ಸ್ವರವೂ ಗಂಟಲಿಗೆ ಎಟುಕುವಂತೆ ಶ್ರುತಿಯನ್ನು ಎರಡು ಮನೆ ಇಳಿಸಿದೆ. ಸ್ವರ ಎಲ್ಲಿಯೂ ಒಡೆಯಲಿಲ್ಲ. ಮೇಲಿನ ಷಡ್ಜದಲ್ಲಿ ಸುಖವಾಗಿ ನಿಂತು, ಹೆಂಗಸರ ಸಾಲಿನ ಕಡೆ ಕಣ್ಣು ಹಾಯಿಸಿದೆ. ರುಕ್ಮಿಣಿಯ ಕಣ್ಣು ತೆರೆದಿತ್ತು, ಸೆರಗು ಸಡಿಲವಾಗಿತ್ತು, ಮುಖದಲ್ಲಿ ಚಿಂತೆಯ ಎಳೆಯೂ ಇರಲಿಲ್ಲ. ನೋಡುತ್ತಿದ್ದಂತೆ ಆಕೆ ನೆಮ್ಮದಿಯಿಂದ, ಬಾಯಿ ತುಂಬ ಆಕಳಿಸಿದಳು. ಹಲ್ಲು ಕಿತ್ತ ಜಾಗ ನಾನು ನಿಂತಲ್ಲಿಗೇ ಕಾಣಿಸಿತು.