ಅಂಬುಬಾಯಿಯ ಯಜಮಾನರು

೧೯೯೬ರಲ್ಲಿ ಆಳಂದ–ಅಫಜಲಪುರ–ಜೇವರ್ಗಿ ಸಂಯುಕ್ತ ಸೀಮೆಎಣ್ಣೆ ಚೀಟಿ ಕಾರ್ಯಾಲಯಕ್ಕೆ ಗಣಕಯಂತ್ರ ಬಂದಿತು. ಅಂದಿನಿಂದ ಮೂರೂ ತಾಲೂಕುಗಳಲ್ಲಿ ಮದುವೆಯಾಗದ ಹೆಂಗಸರು ಇಲ್ಲವಾದರು.

ಅತನೂರಿನ ಅಂಬುಬಾಯಿಗೆ ಇದು ಗೊತ್ತಿರಲಿಲ್ಲ. ತಮ್ಮಂದಿರನ್ನು ದಡ ಮುಟ್ಟಿಸುವುದರಲ್ಲೇ ಆಕೆಯ ಲಗ್ನದ ವಯಸ್ಸು ದಾಟಿತ್ತು. ಈಗ ಬೇರೆ ಒಲೆ ಹೂಡಿ, ತನ್ನ ಹೆಸರಿಗೊಂದು ಚೀಟಿ ಬೇಕೆಂದು ಆಳಂದಕ್ಕೆ ಬಂದಿದ್ದಳು. ಮನೆಯಲ್ಲಿ ದೀಪಕ್ಕೂ ಎಣ್ಣೆಯಿರಲಿಲ್ಲ.

"ಗಂಡನ ಹೆಸರು ಹೇಳ್ರಿ," ಎಂದ ಯಂತ್ರದ ಮುಂದೆ ಕೂತಿದ್ದ ಸಿಕಂದರ.

"ಲಗ್ನಾನೇ ಆಗಿಲ್ರಿ."

ಸಿಕಂದರ ಆ ಖಾನೆ ಖಾಲಿ ಬಿಟ್ಟ. ಯಂತ್ರ ಕುಂಯ್ ಎಂದಿತು. 'ಖಾಲಿ ಬಿಡತಕ್ಕದ್ದಲ್ಲ' ಎಂದು ಪರದೆಯ ಮೇಲೆ ಮೂಡಿತು. ಮಿನುಗುವ ಗೆರೆ ಮುಂದಿನ ಖಾನೆಗೆ ಕಾಲಿಡಲಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ 'ಇಲ್ಲ' ಎಂದು ಒತ್ತಿದ. 'ಐದಕ್ಷರಕ್ಕೆ ಕಡಿಮೆಯಿರುವ ಹೆಸರು ಸಿಂಧುವಲ್ಲ' ಎಂದಿತು.

ಮುಖ್ಯಾಧಿಕಾರಿ ಶಾಂತಲಿಂಗಪ್ಪನವರನ್ನು ಕರೆಸಲಾಯಿತು. ಅವರು ಕನ್ನಡಕ ಏರಿಸಿ ನೋಡಿದರು.

"ಪ್ರೋಗ್ರಾಮ್ ಮ್ಯಾಲಿಂದ ಬಂದದ. ಅದನ್ನ ತಿದ್ದೋ ಅಧಿಕಾರ ನಮಗಿಲ್ಲ. ಈ ಬಾಯಿಯವರನ್ನ ತಿದ್ದಬಹುದು," ಎಂದು ಸ್ವತಃ ಬಾಗಿ 'ಇಲ್ಲ'ಕ್ಕೆ 'ಪ್ಪ' ಸೇರಿಸಿದರು. ಯಂತ್ರ ತೆಪ್ಪಗೆ ಒಪ್ಪಿಕೊಂಡಿತು.

"ಈ ಇಲ್ಲಪ್ಪ ಯಾರ್ರೀ ಸಾಹೇಬ್ರ?"

"ನಿಮ್ಮ ಯಜಮಾನ್ರು. ಎಣ್ಣಿ ಬೇಕೋ ಬ್ಯಾಡೋ?"

ಇಷ್ಟು ವರ್ಷ ಒಬ್ಬಳೇ ಹೊತ್ತ ಸಂಸಾರಕ್ಕೆ ಯಾರೋ ಕೂತಲ್ಲೇ ಯಜಮಾನನಾದದ್ದು ಅಂಬುಬಾಯಿಗೆ ಸಂಕಟವೆನಿಸಿತು. ಮನೆಯ ಕತ್ತಲೆ ನೆನಪಾಗಿ ಹೆಬ್ಬೆಟ್ಟು ಒತ್ತಿದಳು.

ಈ ವಿಧಾನ ತೃಪ್ತಿಕರವೆಂದು ಕಂಡುಬಂದದ್ದರಿಂದ ಸುತ್ತೋಲೆಯಾಯಿತು. ಮದುವೆಯಾಗದವರು, ಗಂಡನ ಹೆಸರೆತ್ತಲು ಮನಸ್ಸಿಲ್ಲದವರು, ಜೇವರ್ಗಿಯ ಟೀಚರ್ ಬಾಯಿಯೂ ಸಹಿತ ಇಲ್ಲಪ್ಪನವರ ಪತ್ನಿಯರಾದರು. ವರ್ಷಾಂತ್ಯದ ತಪಾಸಣೆಯಲ್ಲಿ, ಒಬ್ಬ ಪುರುಷನಿಗೆ ಇಷ್ಟು ಹೆಂಡಂದಿರು ಸಲ್ಲದೆಂದು ಯಂತ್ರವೇ ಆಕ್ಷೇಪಿಸಿತು. ಇಲ್ಲಪ್ಪನವರಿಗೆ ನೋಟೀಸು ಹೋಯಿತು. ಮೇಲಿಂದ ಮೇಲೆ ಕರೆದರೂ ವಿಚಾರಣೆಗೆ ಹಾಜರಾಗದ ಕಾರಣ, ಶಾಂತಲಿಂಗಪ್ಪನವರು ಅವರನ್ನು 'ಮೃತ' ಎಂದು ನಮೂದಿಸಿದರು. ಯಂತ್ರ ತಕರಾರು ಮಾಡಲಿಲ್ಲ.

ಕಾರ್ಯಾಲಯದ ಗೋಡೆಗೆ ಪ್ರಕಟಣೆ ಹಚ್ಚಲಾಯಿತು: 'ಶ್ರೀ ಇಲ್ಲಪ್ಪನವರ ಅಕಾಲಿಕ ನಿಧನಕ್ಕೆ ಕಾರ್ಯಾಲಯವು ವಿಷಾದಿಸುತ್ತದೆ. ಮೃತರ ಪತ್ನಿಯರು ನೂಕುನುಗ್ಗಲು ಮಾಡದೆ, ತಾಲೂಕುವಾರು ಬಂದು ವಿಧವಾ ಚೀಟಿ ಪಡೆಯತಕ್ಕದ್ದು.'

ಸುದ್ದಿ ಅತನೂರು ಮುಟ್ಟಿತು. ಓಣಿಯ ಹೆಂಗಸರು ಅಂಬುಬಾಯಿಯ ಅಂಗಳದಲ್ಲಿ ಬಂದು ಕೂತರು. ನೆರೆಮನೆಯ ಗೌರಾಬಾಯಿ ಆಕೆಯ ಕೈ ಹಿಡಿದು ಬಿಕ್ಕಿದಳು.

"ಸುಮ್ಮನಾಗ ಬೇ, ಗೌರಾ," ಅಂಬುಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಭಾಳ ಸಜ್ಜನ ಮನಶ್ಯಾ ಇದ್ದ. ಒಂದಿನಾನೂ ನನಗ ಬೈಲಿಲ್ಲ."